ಕಟ್ಟೆ ಕಟ್ಟಿದವರ ಹಾಜರಿ

ಬಾಳಮ್ಮನ ಮಗಳು ಶಾಲೆಗೇ ಹೋಗಿಲ್ಲವಂತೆ. ಹಾಜರಿ ಪುಸ್ತಕ ಹಾಗೆ ಹೇಳುತ್ತದೆಯಂತೆ.

ಹತ್ತು ವರ್ಷ ದಿನಾ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಎರಡು ರೊಟ್ಟಿ ಅರಿವೆಯಲ್ಲಿ ಕಟ್ಟಿ, ಮಗಳ ತಲೆ ಬಾಚಿ, 'ಹೋಗು ಯವ್ವಾ' ಎಂದು ಕಳಿಸಿದವಳು ಬಾಳಮ್ಮ. ಕಳಿಸಿದ್ದು ಅವಳ ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತು. ಆದರೆ ಬಡವರ ಕಣ್ಣು ಎಲ್ಲಿ ಸಾಕ್ಷಿಗೆ ಬರುತ್ತದೆ? ಸಾಕ್ಷಿಗೆ ಬರುವುದು ಪುಸ್ತಕ. ಪುಸ್ತಕ ಇರುವುದು ಹೆಡ್‌ಮಾಸ್ತರರ ಕಪಾಟಿನಲ್ಲಿ.

ಸುದ್ದಿ ತಂದವಳು ಮಗಳು ಗಂಗುಬಾಯಿಯೇ. ಶಾಂತಲಿಂಗಪ್ಪ ಸಾಹುಕಾರರ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಹದಿನಾಲ್ಕು ಹೆಂಗಸರು ಸಾಲಾಗಿ ಕುಂತು ಒಣಗಿದ ಗಿಡಗಳನ್ನು ಕೋಲಿನಿಂದ ಬಡಿಯುತ್ತಿದ್ದರು. ತೊಗರಿಯ ಧೂಳು ಕೆಟ್ಟದ್ದು. ಕೊರಳಿಗೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ, ಮೂಗಿಗೆ ಹೋದರೆ ಮೂರು ದಿನ ಕರೀ ಸಿಂಬಳ. ಬಾಳಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಡಿಯುತ್ತಿದ್ದಳು. ಮಗಳು ನಡುಮಧ್ಯಾಹ್ನ ಪಾಟಿಚೀಲ ಹಿಡಿದು ಓಡಿ ಬರುವುದು ಕಂಡು ಅವಳ ಕೋಲು ನಿಂತಿತು.

"ಯವ್ವಾ, ಫಾರಂ ಕೊಡ್ಲಿಲ್ಲ."

"ಯಾರಿಗಿ?"

"ನಮಗ. ಒಂಬತ್ತು ಮಂದಿಗಿ. ಹತ್ತನೇತ್ತಾ ಪರೀಕ್ಷಾಕ್ಕ ಕೂಡೂದು ಬ್ಯಾಡ ಅಂದ್ರು. ಹಾಜರಿ ಕಮ್ಮಿ ಬಿದ್ದಾದಂತ."

ಪಕ್ಕದಲ್ಲಿ ಬಡಿಯುತ್ತಿದ್ದ ಪ್ಯಾರಿಬಿ ಕೋಲು ಕೆಳಗಿಟ್ಟಳು. "ನಮ್ ಚಾಂದಪಾಶಾಂದು?"

"ಅವಂದೂ ಇಲ್ಲ ಖಾಲಾ."

ಪ್ಯಾರಿಬಿಯ ಮಗ ಚಾಂದಪಾಶಾನೂ ಗಂಗುವೂ ಒಂದೇ ತರಗತಿ. ಬಾಳಮ್ಮನೂ ಪ್ಯಾರಿಬಿಯೂ ಒಂದೇ ಸಾಲಿನ ಕೂಲಿ. ಇಪ್ಪತ್ತು ವರ್ಷ ಒಂದೇ ಬುತ್ತಿಗಂಟಿನಿಂದ ಉಂಡವರು. ಬಾಳಮ್ಮನ ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬರದೇ ಇದ್ದಾಗ ಮೊದಲ ತಿಂಗಳು ಅವಳ ಒಲೆಗೆ ಬೆಂಕಿ ಹಚ್ಚಿದವಳೂ ಪ್ಯಾರಿಬಿಯೇ.

"ಹಾಜರಿ ಯಾಕ ಕಮ್ಮಿ ಬಿತ್ತು ಬೇ?" ಎಂದಳು ಬಾಳಮ್ಮ. "ದಿನಾ ಹೋಗಿದಿಯಲ್ಲ?"

"ಹೋಗೇನಿ. ಶ್ರಮದಾನಕ್ಕ ಕಳಿಸಿದ ದಿನ ಎಲ್ಲಾ 'ಗೈ' ಹಚ್ಚ್ಯಾರ."

'ಗೈ' ಎಂದರೆ ಗೈರುಹಾಜರಿ, 'ಹಾ' ಎಂದರೆ ಹಾಜರಿ. ಬಾಳಮ್ಮನಿಗೆ ಓದು ಬರದು, ಆದರೆ ಈ ಮಾತು ಅರ್ಥವಾಗಲು ಓದು ಬೇಕಿರಲಿಲ್ಲ.

ಶ್ರಮದಾನದ ಕಥೆಯನ್ನು ಇಲ್ಲಿ ಹೇಳಲೇಬೇಕು. ಕರಿಕಂಟಿ ಆಳಂದ ತಾಲೂಕಿನ ಒಂದು ಮೂಲೆಯ ಊರು. ಮಾದನಹಿಪ್ಪರಗಾದಲ್ಲಿ ಬಸ್ಸಿಳಿದು ಎರಡು ಹರದಾರಿ ನಡೆಯಬೇಕು. ಅಲ್ಲಿಗೆ ಸರಕಾರಿ ಹೈಸ್ಕೂಲು ಬಂದದ್ದೇ ದೊಡ್ಡ ಮಾತು. ಆದರೆ ಎಂಬತ್ತಮೂರನೇ ಇಸವಿಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ಹದಿನೆಂಟು. ಮರುವರ್ಷ ಹನ್ನೊಂದು. ಗುಲ್ಬರ್ಗದಿಂದ ಕಾಗದ ಬಂತು: ಹೀಗೇ ಆದರೆ ಶಾಲೆ ಎತ್ತಿಬಿಡುತ್ತೇವೆ. ಶಾಲಾ ಸಮಿತಿಯ ಅಧ್ಯಕ್ಷರಾದ ಶಾಂತಲಿಂಗಪ್ಪ ಸಾಹುಕಾರರಿಗೆ ಅದು ಮೂಗು ಕೊಯ್ದಷ್ಟು ಅವಮಾನ. ಅದೇ ವರ್ಷ ಹೊಸ ಹೆಡ್‌ಮಾಸ್ತರರು ಬಂದರು, ಕಲ್ಯಾಣಪ್ಪನವರು. ಹಣೆಗೆ ಮೂರು ಬೆರಳು ವಿಭೂತಿ, ಇಸ್ತ್ರಿ ಹೊಡೆದ ಅಂಗಿ, ಬಾಯಲ್ಲಿ ಬೆಲ್ಲ. ಬಂದವರೇ ಪಂಚರ ಎದುರು ಮಾತು ಕೊಟ್ಟರು: ಈ ವರ್ಷ ನೂರಕ್ಕೆ ನೂರು.

ನೂರಕ್ಕೆ ನೂರು ಮಾಡಲು ಎರಡು ದಾರಿ. ಒಂದು, ಎಲ್ಲರಿಗೂ ಕಲಿಸುವುದು. ಇನ್ನೊಂದು, ಕಲಿಸಲು ಕಷ್ಟವಾದವರನ್ನು ಲೆಕ್ಕದಿಂದಲೇ ತೆಗೆಯುವುದು. ಕಲ್ಯಾಣಪ್ಪನವರು ಜಾಣರು. ಹತ್ತಿರದ ದಾರಿ ಹಿಡಿದರು.

ಪಂಚಮಿ ಮುಗಿದ ವಾರ ಪ್ರಾರ್ಥನೆಯಲ್ಲಿ ನಿಂತು ಕಾಯಕದ ಹಿರಿಮೆಯ ಮೇಲೆ ಅರ್ಧ ತಾಸು ಭಾಷಣ ಮಾಡಿದರು. ದುಡಿಯುವ ಕೈ ದೊಡ್ಡದು, ಓದುವ ಮಕ್ಕಳೂ ದುಡಿಯಬೇಕು ಎಂದರು. ಮಾತು ಎಲ್ಲರಿಗೂ ಹೇಳಿದ್ದು. ಗುದ್ದಲಿ ಬುಟ್ಟಿ ಮಾತ್ರ ಒಂಬತ್ತು ಮಂದಿಗೇ ಬಂದವು. ಗಂಗು ಸೇರಿ ಆರು ಮಕ್ಕಳು ಕೇರಿಯವರು, ಇಬ್ಬರು ಕುರಿ ಕಾಯುವವರ ಮಕ್ಕಳು, ಒಬ್ಬ ಪ್ಯಾರಿಬಿಯ ಮಗ. ಉಳಿದ ಇಪ್ಪತ್ತಮೂರು ಮಂದಿ ಒಳಗೆ ಕುಂತು ಲೆಕ್ಕ ಕಲಿತರು. ಒಂಬತ್ತು ಮಂದಿ ಸಾಹುಕಾರರ ಹೊಲದಲ್ಲಿ ಹೆಸರುಕಾಯಿ ಬಿಡಿಸಿದರು, ಬದುವಿಗೆ ಕಲ್ಲು ಹೊತ್ತರು, ಶಾಲೆಯ ಅಂಗಳದಲ್ಲಿ ಸಭೆಯ ಕಟ್ಟೆ ಕಟ್ಟಿದರು.

ಬಾಳಮ್ಮ ಆಗ ಒಂದು ಮಾತೂ ಎತ್ತಿರಲಿಲ್ಲ. ಅವಳ ತಪ್ಪು ಅಲ್ಲಿಯೇ. ಶಾಲೆಯವರು ಹೇಳಿದ ಮೇಲೆ ಅದೂ ಓದೇ ಇರಬೇಕು ಎಂದುಕೊಂಡಳು. ಮಗಳ ಹೆಗಲು ಬಾತು ಬಂದ ದಿನ ಹರಳೆಣ್ಣೆ ಕಾಸಿ ತಿಕ್ಕಿ, 'ಮಾಸ್ತರ್ರು ಹೇಳಿದ್ದು ಮಾಡಬೇಕು, ಮಾರ್ಕ ಅವರ ಕೈಯಾಗ ಇರ್ತಾವ' ಎಂದು ತಾನೇ ಬುದ್ಧಿ ಹೇಳಿದ್ದಳು. ಕೂಲಿಯವರಿಗೆ ಹೇಳಿದ ಕೆಲಸ ಮಾಡುವುದು ಹುಟ್ಟಿನಿಂದ ಬಂದ ರೂಢಿ. ಯಾಕೆ ಎಂದು ಕೇಳುವ ರೂಢಿ ಯಾರೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಳಮ್ಮ ಶಾಲೆಗೆ ಹೋದಳು. ಮೆಟ್ಟಿಲ ಬಳಿ ಜವಾನ ಪೀರಸಾಬ ತಡೆದ. ಗಂಟೆ ಹೊಡೆಯುವುದು, ಬೀಗ ತೆಗೆಯುವುದು, ಹೆಡ್‌ಮಾಸ್ತರರ ಮನೆಗೆ ನೀರು ಹಾಕುವುದು ಅವನ ಕೆಲಸ. ಕೆಟ್ಟವನಲ್ಲ.

"ಒಳಗ ಬ್ಯಾಡಬೇ ಬಾಳಮ್ಮ. ಸರ್ ಇಲ್ಲೇ ಬರ್ತಾರ" ಎಂದ.

ಕಲ್ಯಾಣಪ್ಪನವರು ಬಂದದ್ದು ಮುಕ್ಕಾಲು ತಾಸು ಬಿಟ್ಟು. ಪಡಸಾಲೆಯ ಮೇಲೆ ನಿಂತರು. ಬಾಳಮ್ಮ ಕೆಳಗೆ, ಬಿಸಿಲಲ್ಲಿ. ಮಾತಾಡಲು ಕತ್ತೆತ್ತಬೇಕಿತ್ತು, ಎತ್ತಿದರೆ ಸೂರ್ಯ ಕಣ್ಣಿಗೆ ಚುಚ್ಚುತ್ತಿದ್ದ.

"ಏನವ್ವಾ?"

"ಸರ್ರ, ನನ್ನ ಮಗಳಿಗಿ ಫಾರಂ ಕೊಡ್ರಿ."

"ನಾ ಕೊಡಾಕ ಯಾರವ್ವಾ? ಕಾಯ್ದೆ ಅದ. ನೂರು ದಿನದಾಗ ಎಪ್ಪತ್ತೈದು ದಿನ ಬಂದಿರಬೇಕು. ನಿನ್ನ ಮಗಳು ಬಂದಿಲ್ಲ."

"ನೀವೇ ಕೆಲಸಕ್ಕ ಕಳಿಸೀರಿ."

"ಕಳಿಸೇನಿ. ಆದ್ರ ತರಗತ್ಯಾಗ ಇರ್ಲಿಲ್ಲ, ಹೌದಿಲ್ಲೊ? ಇರಲಾರದವರಿಗೆ ಹಾಜರಿ ಹ್ಯಾಂಗ ಹಾಕ್ಲಿ? ಸುಳ್ಳು ಬರೀಲೇನು?" ಕಲ್ಯಾಣಪ್ಪನವರು ನಕ್ಕರು. "ಸಿಟ್ಟಾಗಬ್ಯಾಡ. ಬರೂ ವರ್ಷ ಹೊರಗಿಂದ ಪರೀಕ್ಷಾ ಕಟ್ಟಿಸು. ಗಂಗು ಶ್ಯಾಣ್ಯಾ ಹುಡುಗಿ."

"ಬರೂ ವರ್ಷ ಅಕಿ ಮದುವಿ ಮಾಡು ಅಂತಾರರಿ ನಮ್ಮವರು. ಈ ವರ್ಷ ಪಾಸಾದ್ರ ಆಳಂದದಾಗ ನರ್ಸಬಾಯಿ ಟ್ರೇನಿಂಗ್ ಅದಂತ. ಹಾಸ್ಟೆಲ್ ಕೊಡ್ತಾರಂತ. ಇದೊಂದೇ ವರ್ಷ ಅಕಿ ಕೈಯಾಗ ಅದರಿ."

"ಅದು ನಿಮ್ಮ ಮನಿ ಮಾತು" ಎಂದು ಕಲ್ಯಾಣಪ್ಪನವರು ಒಳಗೆ ಹೋದರು.

ಬಾಳಮ್ಮ ಅಲ್ಲಿಂದ ಹೊಲಕ್ಕೆ ಹೋದಳು. ರಾಶಿಯ ಕಣದಲ್ಲಿ ಸಾಹುಕಾರರು ಹೊರಸಿನ ಮೇಲೆ ಕುಂತು ಎಲೆ ಮಡಿಚುತ್ತಿದ್ದರು. ಕಾಲು ಮುಟ್ಟಿ ಕೇಳಿದಳು. ಮುಟ್ಟಲಿಲ್ಲ, ಮುಟ್ಟಿದಂತೆ ನೆಲ ಮುಟ್ಟಿದಳು. ಸಾಹುಕಾರರು ಎಲೆ ಬಾಯಿಗಿಟ್ಟು ಹೇಳಿದರು: "ತಡಮಾಡಿ ಬಂದಿದಿ. ಅರ್ಧ ದಿನ ಅಂತ ಹಿಡೀತೇನಿ. ಹೋಗಿ ಬಡಿ."

ಅವಳು ಹೋಗಿ ಬಡಿದಳು. ಆ ದಿನ ಅವಳ ಕೋಲಿಗೆ ಸಿಕ್ಕ ಗಿಡದಲ್ಲಿ ಒಂದು ಕಾಳೂ ಉಳಿಯಲಿಲ್ಲ. ಸಿಟ್ಟು ತೊಗರಿಯ ಮೇಲೆ ತೀರುವಂಥದ್ದಲ್ಲ, ಆದರೂ ಬಡಿದಳು.

ಮೂರು ದಿನ ಬಿಟ್ಟು ಕಲ್ಯಾಣಪ್ಪನವರೇ ಅವಳನ್ನು ಕರೆಸಿದರು. ಈ ಸಲ ಶಾಲೆಗಲ್ಲ, ಮನೆಯ ಹಿತ್ತಲಿಗೆ. ದನಿಯಲ್ಲಿ ಬೆಲ್ಲ ಇನ್ನೂ ಹೆಚ್ಚಾಗಿತ್ತು.

ವಿಷಯ ಇಷ್ಟೇ. ಸೋಮವಾರ ಶಾಲೆಯ ಗ್ಯಾದರಿಂಗು, ವರ್ಷದ ಸಭೆ. ಗುಲ್ಬರ್ಗದಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬರುವವರು. ಶಾಲೆ ಹೇಗೆ ಸುಧಾರಿಸಿದೆ ಎಂದು ಕಣ್ಣಾರೆ ನೋಡಿ, ಮೆಚ್ಚಿದರೆ ಹೊಸ ಕೋಣೆಗಳಿಗೆ ಮಂಜೂರಿ ಕೊಟ್ಟು, ಅಂದೇ ಪರೀಕ್ಷೆಯ ಫಾರಂಗಳನ್ನು ತಮ್ಮ ಜೀಪಿನಲ್ಲೇ ಒಯ್ಯುವವರು. ಅವರಿಗೆ ಹಾಡಿನ ಹುಚ್ಚು. ಕಲ್ಯಾಣಪ್ಪನವರು ತಾವೇ ಸ್ವಾಗತ ಗೀತೆ ಬರೆದಿದ್ದರು. ಅದರಲ್ಲಿ ಸಾಹೇಬರು ಮೊದಲ ನುಡಿಗೆ ಸೂರ್ಯ, ಎರಡನೇ ನುಡಿಗೆ ಚಂದ್ರ, ಮೂರನೇ ನುಡಿಗೆ ಮಳೆಯಾಗಿ ಸುರಿಯುತ್ತಿದ್ದರು. ಹಾಡಬೇಕಾದವಳು ಸಾಹುಕಾರರ ಮಗಳು ಶಿವಕಾಂತಾ. ಅವಳು ಬಾಯಿ ತೆರೆದರೆ ಹಾಡು ಒಂದು ದಾರಿ, ಹಾರ್ಮೋನಿಯಂ ಪೆಟ್ಟಿಗೆ ಒಂದು ದಾರಿ. ಇಡೀ ಶಾಲೆಯಲ್ಲಿ ದನಿ ಇದ್ದದ್ದು ಗಂಗುವಿಗೆ.

"ಗಂಗು ಹಾಡಬೇಕು" ಎಂದರು. "ಆಕಿ ಹಾಡಿದ್ರ ಆಕಿ ಫಾರಂ ನಾ ಕಳಸ್ತೇನಿ. ಆಕಿದೊಂದೇ. ಹದಿನೈದು 'ಗೈ' ತಿದ್ದಿ 'ಹಾ' ಮಾಡಿದ್ರಾತು. ನನ್ನ ಕೈಯಾಗ ಪೆನ್ನು ಅದ."

ಮೊನ್ನೆ ಕಾಯ್ದೆ ಅಂದದ್ದು ಇವತ್ತು ಪೆನ್ನು ಆಗಿತ್ತು.

"ಉಳಿದ ಎಂಟು ಮಂದೀದು ಸರ್ರ?"

"ಅವರು ಪಾಸಾಗಂಗಿಲ್ಲ. ನಂದು ನೂರಕ್ಕ ನೂರು ಹೋಗ್ತದ. ನೀ ನಿಂದು ನೋಡ್ಕೋ ಬಾಳಮ್ಮ. ಯಾರ ಮುಂದೂ ಬಾಯಿ ಬಿಡಬ್ಯಾಡ, ಬಿಟ್ರ ಇದೂ ಇಲ್ಲ."

"ಹೂಂ ರಿ" ಎಂದಳು ಬಾಳಮ್ಮ.

ಎಂದೇಬಿಟ್ಟಳು. ಕೇಳುವವರು ಛೀ ಅನ್ನಬಹುದು. ಹಸಿದವಳ ಮುಂದೆ ಒಂದೇ ತುತ್ತು ಇಟ್ಟು, ಎಂಟು ಮಂದಿ ನೋಡುವಾಗ ತಿನ್ನು ಎಂದರೆ ಏನು ಮಾಡಬೇಕು ಎಂದು, ಛೀ ಅನ್ನುವವರು ಒಮ್ಮೆ ಹಸಿದು ನೋಡಿ ಹೇಳಲಿ.

ಅಂದು ಮಧ್ಯಾಹ್ನ ಹೊಲದಲ್ಲಿ ಪ್ಯಾರಿಬಿ ಬುತ್ತಿ ಬಿಚ್ಚಿ ಪುಂಡಿಪಲ್ಯವನ್ನು ಅರ್ಧ ಇವಳ ರೊಟ್ಟಿಗೆ ಹಾಕಿದಳು. "ಎಲ್ಲಾರೂ ಕೂಡಿ ಹೋಗೂಣು ಬಾಳಮ್ಮ. ಒಂಬತ್ತು ಮನೀಯವರು. ಆ ಗುಲ್ಬರ್ಗಾ ಸಾಹೇಬನ್ನೇ ಕೇಳೂಣು. ಏನಂತಿ?"

"ನೋಡೂಣು" ಎಂದಳು ಬಾಳಮ್ಮ. ರೊಟ್ಟಿ ಗಂಟಲಲ್ಲಿ ಸಿಕ್ಕಿತು. ನೀರು ಕುಡಿದರೂ ಇಳಿಯಲಿಲ್ಲ. ಪ್ಯಾರಿಬಿ ಬೆನ್ನು ತಟ್ಟಿದಳು. ಆ ತಟ್ಟಿದ್ದು ಕಪಾಳಕ್ಕೆ ಬಿದ್ದಂತಾಯಿತು.

ಸಂಜೆ ಒಲೆಯ ಮುಂದೆ ಮಗಳಿಗೆ ಹೇಳಿದಳು. ಗಂಗು ಎದ್ದು ಕುಣಿದಾಳು ಎಂದುಕೊಂಡಿದ್ದಳು. ಗಂಗು ಒಲೆಯ ಪುಳ್ಳೆ ಸರಿಮಾಡುತ್ತ ಕೇಳಿದಳು, "ಚಾಂದಪಾಶಾಂದು?"

"ಅವರವರದು ಅವರವರು ನೋಡ್ಕೊಂತಾರ."

"ಕಟ್ಟಿ ಕಟ್ಟೂ ಮುಂದ ಅವನ ಕಾಲ್ಬೆರಳ ಮ್ಯಾಲ ಕಲ್ಲು ಬಿದ್ದಿತ್ತು ಯವ್ವಾ. ಉಗುರು ಕಿತ್ತು ಹೋತು. ಆವತ್ತೂ 'ಗೈ' ಹಚ್ಚ್ಯಾರ."

"ನನಗ ಹೇಳಬ್ಯಾಡ!" ಬಾಳಮ್ಮ ಚೀರಿದಳು. "ನಾ ಸತ್ತ ಮ್ಯಾಲ ನಿನಗ ಚಾಂದಪಾಶಾ ಕೂಳ ಹಾಕ್ತಾನೇನು? ನನ್ನ ಕೈ ನೋಡು. ಈ ಕೈ ನಿನಗ ಬರಬಾರದು ಅಂತ ಹತ್ತ ವರ್ಷ ನಾ ಸತ್ತೇನಿ. ಬಾಯಿ ಮುಚ್ಚಿ ಹಾಡು."

ಗಂಗು ಬಾಯಿ ಮುಚ್ಚಿದಳು. ಮಗಳು ಒಪ್ಪಿದಳು ಎಂದುಕೊಂಡು ಬಾಳಮ್ಮ ಎದ್ದು ಕೊಡ ಹಿಡಿದು ನೀರಿಗೆ ಹೋದಳು. ಹೆತ್ತವಳಿಗೂ ಮಕ್ಕಳ ಮೌನ ಒಮ್ಮೊಮ್ಮೆ ತಿಳಿಯುವುದಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಜೀಪು ಬಂತು. ಹೊಸ ಕಟ್ಟೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆದಿದ್ದರು. ಮೇಲೆ ಒಂದು ಮೇಜು, ಐದು ಕುರ್ಚಿ. ನಡುವಿನ ಕುರ್ಚಿಗೆ ಸಾಹೇಬರು. ವಯಸ್ಸಾದವರು, ಕನ್ನಡಕ, ಮೈ ದಣಿದವರು. ಬಲಕ್ಕೆ ಸಾಹುಕಾರರು, ಎಡಕ್ಕೆ ಕಲ್ಯಾಣಪ್ಪನವರು. ಕೆಳಗೆ ಮುಂದೆ ಜಮಖಾನೆ, ಅದರ ಮೇಲೆ ಊರಿನ ಹಿರಿಯರು. ಹಿಂದೆ ಮಕ್ಕಳು. ಎಲ್ಲರಿಗಿಂತ ಹಿಂದೆ, ಬೇವಿನ ಗಿಡದಾಚೆ, ಕೂಲಿಯವರು ನಿಂತಿದ್ದರು. ಅಂದು ಅರ್ಧ ದಿನ ರಾಶಿಗೆ ರಜೆ. ಚಪ್ಪಾಳೆಗೆ ಮಂದಿ ಬೇಕಲ್ಲ.

ಕಲ್ಯಾಣಪ್ಪನವರು ಮೈಕು ಹಿಡಿದು ಶಾಲೆಯ ಸಾಧನೆ ಓದಿದರು. ಈ ಸಲ ಹತ್ತನೆಯ ತರಗತಿಗೆ ಕೂಡುವವರು ಇಪ್ಪತ್ತಮೂರು, ಪಾಸಾಗುವವರೂ ಇಪ್ಪತ್ತಮೂರು ಎಂದರು. ಇಪ್ಪತ್ತನಾಲ್ಕನೆಯದು ಹಾಡು ಮುಗಿದ ಮೇಲೆ ಸೇರಬೇಕಿತ್ತು. ಚಪ್ಪಾಳೆ ಬಿತ್ತು. ಪ್ಯಾರಿಬಿ ಚಪ್ಪಾಳೆ ಹೊಡೆಯಲಿಲ್ಲ. ಬಾಳಮ್ಮ ಹೊಡೆದಳು. ಹೊಡೆದು ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ಈಗ ಕುಮಾರಿ ಗಂಗುಬಾಯಿ ಸ್ವಾಗತ ಗೀತೆ ಹಾಡುತ್ತಾಳೆ."

ಗಂಗು ಕಟ್ಟೆ ಹತ್ತಿದಳು. ಶಿವಕಾಂತಾಳ ಹಳೇ ಲಂಗ, ಹೆಡ್‌ಮಾಸ್ತರರೇ ಕೊಡಿಸಿದ ಹೊಸ ರಿಬ್ಬನ್ನು. ಪೆಟ್ಟಿಗೆ ಮಾಸ್ತರರು ಶ್ರುತಿ ಹಿಡಿದರು. ಗಂಗು ಮೈಕಿನ ಮುಂದೆ ನಿಂತಳು. ಪೆಟ್ಟಿಗೆ ಒಂದು ಸುತ್ತು ನುಡಿದು ನಿಂತಿತು. ಮತ್ತೊಂದು ಸುತ್ತು ನುಡಿಯಿತು. ಗಂಗು ಹಾಡಲಿಲ್ಲ.

"ಹಾಡವ್ವಾ" ಎಂದರು ಕಲ್ಯಾಣಪ್ಪನವರು ನಗುತ್ತಲೇ.

"ನಾ ಇಲ್ರಿ ಸರ್."

ಮೈಕಿನಲ್ಲಿ ಅವಳ ದನಿ ಅಂಗಳ ದಾಟಿ ರಸ್ತೆಗೆ ಕೇಳಿತು.

"ಏನಂದಿ?"

"ನಾ ಶಾಲ್ಯಾಗ ಇಲ್ರಿ. ಹಾಜರಿ ಪುಸ್ತಕದಾಗ 'ಗೈ' ಅಂತ ಬರದೀರಿ. ಇರಲಾರದಾಕಿ ಹ್ಯಾಂಗ ಹಾಡ್ಲಿರಿ?"

ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಹಿರಿಯರು ತಿರುಗಿ ನೋಡಿದ ಮೇಲೆ ನಗು ನಿಂತಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಿದು ಹೆಡ್‌ಮಾಸ್ತರೆ?"

"ಏನಿಲ್ರಿ ಸಾಹೇಬ್ರ, ಹುಡುಗಿ ಅಂಜ್ಯಾಳ." ಕಲ್ಯಾಣಪ್ಪನವರು ಕಟ್ಟೆಯ ಅಂಚಿಗೆ ಬಂದು ಬೇವಿನ ಗಿಡದ ಕಡೆ ನೋಡಿದರು. ಮಂದಿಯ ತಲೆಗಳ ಮೇಲಿಂದ ನೇರ ಬಾಳಮ್ಮನ ಕಣ್ಣಿಗೆ ಕಣ್ಣಿಟ್ಟರು. "ಬಾಳಮ್ಮ, ನಿನ್ನ ಮಗಳಿಗೆ ಹಾಡು ಅಂತ ಹೇಳು. ಮಾತು ಆಗ್ಯಾದಲ್ಲ?"

ಎಲ್ಲರೂ ತಿರುಗಿದರು. ಪ್ಯಾರಿಬಿ ಕೇಳಿದಳು, "ಏನ್ ಮಾತಬೇ?"

ಬಾಳಮ್ಮನಿಗೆ ಮೊದಲು ಬಂದದ್ದು ಸಿಟ್ಟು, ಅದೂ ಮಗಳ ಮೇಲೆ. ಬಾಯಿಗೆ ಬಂದ ತುತ್ತನ್ನು ಈ ಹುಚ್ಚಿ ನೆಲಕ್ಕೆ ಚೆಲ್ಲಿದಳು. ಒಂದೇ ಮಾತು ಸಾಕಿತ್ತು: ಹಾಡು. ಅಷ್ಟೇ ಅಂದಿದ್ದರೆ ಗಂಗು ಹಾಡುತ್ತಿದ್ದಳೋ ಏನೋ. ಬಾಳಮ್ಮ ಗಂಟಲು ಸರಿಮಾಡಿಕೊಂಡಳು. ಮಗಳು ಕಟ್ಟೆಯ ಮೇಲೆ ಒಬ್ಬಳೇ ನಿಂತಿದ್ದಳು. ಬೇರೊಬ್ಬರ ಲಂಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಆದರೂ ಇಳಿಯುತ್ತಿರಲಿಲ್ಲ.

ಬಾಳಮ್ಮ ನಡೆದಳು. ಮಕ್ಕಳ ನಡುವೆ, ಜಮಖಾನೆಯ ಮೇಲೆ ಕಾಲಿಟ್ಟೇ ನಡೆದಳು. ಒಬ್ಬ ಹಿರಿಯ 'ಏ ಏ' ಎಂದು ಧೋತರ ಎಳೆದುಕೊಂಡ. ಕಟ್ಟೆಯ ಮುಂದೆ ಬಂದು ನಿಂತಳು.

"ಮಾತು ಆಗ್ಯಾದರಿ" ಎಂದಳು. "ಎಲ್ಲಾರೂ ಕೇಳ್ರಿ. ನನ್ನ ಮಗಳು ಹಾಡಿದ್ರ ಅಕಿದೊಂದೇ ಫಾರಂ ಕಳಸ್ತೇನಿ, ಪುಸ್ತಕ ತಿದ್ದತೇನಿ ಅಂದ್ರು ಇವ್ರು. ನಾ ಹೂಂ ಅಂದೆ. ಎಂಟು ಮಕ್ಕಳನ್ನ ಮಾರಿ ನನ್ನ ಮಗಳನ್ನ ಕೊಂಡ್ಕೊಂಡೆ." ಹಿಂದಿರುಗಿ ನೋಡಿದಳು. "ಪ್ಯಾರಿಬಿ, ನಿನ್ನ ಮಗನ್ನೂ ಮಾರೀನಿ."

ಪ್ಯಾರಿಬಿ ಬೇವಿನ ಗಿಡಕ್ಕೆ ಕೈಯೂರಿದಳು.

"ಸುಳ್ಳ ಹೇಳ್ತಾಳ!" ಕಲ್ಯಾಣಪ್ಪನವರ ದನಿಯ ಬೆಲ್ಲ ಕರಗಿತ್ತು. "ಈ ಮಕ್ಕಳು ಶಾಲಿಗೇ ಬಂದಿಲ್ರಿ ಸಾಹೇಬ್ರ. ಪುಸ್ತಕ ಅದ."

"ತರಸ್ರಿ ಪುಸ್ತಕ" ಎಂದರು ಸಾಹೇಬರು.

"ಕಪಾಟಿನ ಕೀಲಿ ಮನ್ಯಾಗ ಉಳದಾದರಿ."

"ಇಲ್ರಿ ಸರ್" ಎಂದ ಪೀರಸಾಬ ಕಟ್ಟೆಯ ಪಕ್ಕದಿಂದ. "ನನ್ನ ಕೊರಳಾಗೇ ಅದ." ಹೇಳಿ ತಾನೇ ಬೆದರಿದ. ಆದರೆ ಹೇಳಿದ್ದು ಹೇಳಿ ಆಗಿತ್ತು. ಹೋಗಿ ಪುಸ್ತಕ ತಂದ.

ಸಾಹೇಬರು ಹಾಳೆ ತಿರುವಿದರು. "ಆಗಸ್ಟ್ ತಿಂಗಳ, ಎರಡನೇ ವಾರ. ಒಂಬತ್ತು ಮಂದಿ ಗೈರುಹಾಜರಿ. ಒಂದೇ ದಿನ ಒಂಬತ್ತೂ ಮಂದಿ?"

"ಪಂಚಮಿ ಆದ ಮ್ಯಾಲ ಆರು ದಿನ ರಿ" ಎಂದಳು ಬಾಳಮ್ಮ. "ಸಾವ್ಕಾರ್ರ ಹೊಲದಾಗ ಹೆಸರುಕಾಯಿ ಬಿಡಿಸ್ಯಾರ. ನಾ ಅದೇ ಸಾಲಿನಾಗ ಇದ್ದೆ."

ಸಾಹೇಬರು ಎಣಿಸಿದರು. ಆರು. ಮತ್ತೆ ಹಾಳೆ ತಿರುವಿದರು. "ನವೆಂಬರ್?"

"ದೀಪಾವಳಿ ಕಳದು ಎಂಟು ದಿನ. ಸಾವ್ಕಾರ್ರ ಬದುವಿಗಿ ಕಲ್ಲು ಹೊತ್ತಾರ. ಎಳ್ಳಮವಾಸಿ ಹಿಂದ ಮುಂದ ಹತ್ತು ದಿನ ತೊಗರಿ ಕೊಯ್ದಾರ. ನಡುವ ಒಂದು ದಿನ ಮಳಿ ಹನಿ ಬಿತ್ತು, ಆವತ್ತು ಕೆಲಸ ಇರ್ಲಿಲ್ಲ. ಆವತ್ತು ಹಾಜರಿ ಬಿದ್ದಿರಬೇಕು ನೋಡ್ರಿ."

ಮುಂದಿನ ತಿಂಗಳ ಹಾಳೆ ತಿರುವಿದ ಸಾಹೇಬರ ಬೆರಳು ಸಾಲಿನ ಮೇಲೆ ಸರಿದು ನಿಂತಿತು. ಹತ್ತು 'ಗೈ'ಗಳ ನಡುವೆ ಒಂದು 'ಹಾ' ಇತ್ತು. ಅವರು ಬಾಳಮ್ಮನನ್ನು ನೋಡಿದರು. ಅಕ್ಷರ ಬರದ ಹೆಂಗಸು, ಪುಸ್ತಕವನ್ನು ಕಣ್ಣಿಂದಲೂ ನೋಡದವಳು, ದಿನ ದಿನವೂ ಒಪ್ಪಿಸುತ್ತಿದ್ದಳು. ಅವಳಿಗೆ ಕ್ಯಾಲೆಂಡರು ಬೇಕಿರಲಿಲ್ಲ. ದುಡಿದ ದಿನ ಮೈ ಮರೆಯುವುದಿಲ್ಲ.

"ಅಕ್ಟೋಬರ್ ತಿಂಗಳು ಹನ್ನೆರಡು ದಿನ ಅವ. ಆವಾಗೂ ಶಾಲ್ಯಾಗ ಇರ್ಲಿಲ್ಲೇನು?"

"ಇರ್ಲಿಲ್ರಿ" ಎಂದಳು ಬಾಳಮ್ಮ. "ಸೀಗಿ ಹುಣ್ಣಿಮಿ ಮುಂದ. ನೀವು ಕುಂತ ಕಟ್ಟಿ ಕಟ್ಟಾಕತ್ತಿದ್ರು."

ಸಾಹೇಬರು ಕುರ್ಚಿಯಲ್ಲಿ ಮಿಸುಕಾಡಿದರು. ಕಾಲನ್ನು ಎತ್ತಿ ಎಲ್ಲಿಡಬೇಕು ತಿಳಿಯದೆ ಮತ್ತೆ ಅಲ್ಲೇ ಇಟ್ಟರು.

ಆದರೆ ಸಾಹೇಬರೂ ಸರಕಾರದವರೇ. ಸಾಹುಕಾರರ ಮನೆಯಲ್ಲಿ ಹೋಳಿಗೆ ಕಾಯುತ್ತಿತ್ತು, ಮೇಲಿನವರು ಕಾಗದ ಕೇಳುತ್ತಾರೆ ಎಂಬ ಅಂಜಿಕೆಯೂ ಇತ್ತು. ಪುಸ್ತಕ ಮುಚ್ಚಿ ಹೇಳಿದರು: "ಬಾಯಿ ಮಾತಿಂದ ಆಗಂಗಿಲ್ಲ. ಶಾಲಿಯವರೇ ಕೆಲಸಕ್ಕ ಕಳಿಸಿದ್ರು, ಇಂಥವರ ಹೊಲಕ್ಕ ಕಳಿಸಿದ್ರು ಅಂತ ತಂದಿತಾಯಿ ಬರೆದು ಸಹಿ ಮಾಡಿ ಕೊಡ್ರಿ. ಕೊಟ್ರ ಫಾರಂ ನಾನೇ ಒಯ್ತೇನಿ."

ಸಾಹುಕಾರರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಈಗಲೂ ದನಿ ಎತ್ತಲಿಲ್ಲ. "ಕೊಡ್ಲಿ ರಿ" ಎಂದರು. "ಯಾರ್ಯಾರು ಹೆಬ್ಬಟ್ಟು ಒತ್ತತಾರ ಒತ್ತಲಿ. ನಾಳಿಂದ ಅವರು ನನ್ನ ಹೊಲಕ್ಕ ಬರೂದು ಬ್ಯಾಡ. ಬರೂ ದಾರಿನೂ ನನ್ನ ಹೊಲದಾಗೇ ಅದ."

ಗಂಗು ಕಟ್ಟೆಯ ಮೇಲೇ ಕುಂತು ಬರೆದಳು. ಕಾಗದ ಕೊಟ್ಟವರು ಸಾಹೇಬರು. ಪೆನ್ನೂ ಅವರದೇ. ಒಂಬತ್ತು ಹೆಸರು ಬರೆದು, ಮೂರು ಸಾಲಿನಲ್ಲಿ ನಡೆದದ್ದು ಬರೆದು, ಓದಿ ಹೇಳಿದಳು. ಪೀರಸಾಬ ಮಸಿಯ ಡಬ್ಬಿ ತಂದಿಟ್ಟ. ಬಾಳಮ್ಮ ಕಟ್ಟೆ ಹತ್ತಿದಳು. ಹತ್ತುವಾಗ ಅಂಚಿನ ಕಲ್ಲಿಗೆ ಕೈಯೂರಿದಳು. ಹೆಬ್ಬೆರಳು ಒತ್ತಿ ಮಂದಿಯ ಕಡೆ ತಿರುಗಿದಳು.

ಬೇವಿನ ಗಿಡದಾಚೆ ಯಾರೂ ಅಲುಗಲಿಲ್ಲ. ಕರೆಯುವ ಬಾಯಿ ಅವಳಿಗಿರಲಿಲ್ಲ. ಮಾರಿದವಳು ಯಾವ ಮುಖದಿಂದ ಕರೆದಾಳು?

ಪ್ಯಾರಿಬಿ ಬಂದಳು. ಬಾಳಮ್ಮನನ್ನು ನೋಡದೆ, ಮೈಗೆ ಮೈ ತಾಗದಂತೆ ಪಕ್ಕಕ್ಕೆ ಸರಿದು ಹತ್ತಿ, ಹೆಬ್ಬೆರಳು ಒತ್ತಿ ಇಳಿದುಹೋದಳು. ಅವಳ ಹಿಂದೆ ಕುರಿ ಕಾಯುವ ಅಮೋಘಸಿದ್ದ. ಆಮೇಲೆ ಒಬ್ಬರು, ಇನ್ನೊಬ್ಬರು. ಆರು ಹೆಬ್ಬೆಟ್ಟಾದವು. ಮೂವರು ಬರಲಿಲ್ಲ. ಅವರ ಗುಡಿಸಲು ಇದ್ದದ್ದು ಸಾಹುಕಾರರ ಜಾಗದಲ್ಲಿ. ಅವರನ್ನು ಅಂಜುಬುರುಕರು ಎನ್ನಲು ನಾಲಿಗೆ ಏಳುವುದಿಲ್ಲ.

ಸಾಹೇಬರು ಕಾಗದ ನೋಡಿದರು, ಗಡಿಯಾರ ನೋಡಿದರು. "ಆರು ಸಹಿ, ಒಂಬತ್ತು ಹೆಸರು. ಹಿಂಗಿದ್ರ ತಕರಾರು ಬರ್ತದ. ಆ ಮೂರು ಹೆಸರು ಹೊಡದುಬಿಡವ್ವಾ. ಆರು ಮಂದೀದು ಈಗಿಂದೀಗ ಸಲೀಸಾಗಿ ಆಗ್ತದ. ನೀನೂ ಪರೀಕ್ಷಾ ಕೂಡ್ತಿ."

ಗಂಗು ಪೆನ್ನು ಹಿಡಿದು ತಾಯಿಯನ್ನು ನೋಡಿದಳು. ಅಂಗಳಕ್ಕೆ ಅಂಗಳವೇ ಬಾಳಮ್ಮನನ್ನು ನೋಡಿತು. ಮತ್ತೆ ಅದೇ ತುತ್ತು. ಈ ಸಲ ಸ್ವಲ್ಪ ದೊಡ್ಡದು, ಅಷ್ಟೇ.

"ಹೊಡೀಬ್ಯಾಡ" ಎಂದಳು ಬಾಳಮ್ಮ.

"ಹುಚ್ಚಿ ಇದ್ದೀ ಏನು?" ಎಂದರು ಸಾಹೇಬರು. "ಆರು ಮಂದೀದೂ ಹೋಗ್ತದ."

"ಅವರೂ ಕಲ್ಲು ಹೊತ್ತಾರರಿ. ಒಂಬತ್ತೂ ಒಯ್ಯಿರಿ."

ಸಾಹೇಬರು ಕಾಗದವನ್ನು ಮೇಜಿನ ಮೇಲೆ ಬಿಟ್ಟು ಎದ್ದರು. ಸಾಹುಕಾರರು ದಾರಿ ತೋರಿಸಿದರು. ಕಲ್ಯಾಣಪ್ಪನವರು ಇಪ್ಪತ್ತಮೂರು ಫಾರಂಗಳ ಕಟ್ಟನ್ನು ಎದೆಗವಚಿ ಜೀಪಿನ ಕಡೆ ಓಡಿದರು.

ಬಾಳಮ್ಮ ಆ ಕಾಗದ ಎತ್ತಿಕೊಂಡು ಕಟ್ಟೆ ಇಳಿದಳು. ಅವರಿಗಿಂತ ಮೊದಲೇ ಜೀಪು ಮುಟ್ಟಿ, ಅದರ ಮುಂದೆ ನೆಲದ ಮೇಲೆ ಕುಂತಳು. ಕಾಲು ಚಾಚಿ, ರಾಶಿಗೆ ಕುಂತ ಹಾಗೆಯೇ ಕುಂತಳು. ಗಂಗು ಬಂದು ಪಕ್ಕದಲ್ಲಿ ಕುಂತಳು. ಚಾಂದಪಾಶಾ ಬಂದ. ಉಳಿದ ಏಳು ಮಕ್ಕಳೂ ಬಂದರು. ಪ್ಯಾರಿಬಿಯೂ ಬಂದಳು. ಬಾಳಮ್ಮನ ಪಕ್ಕಕ್ಕಲ್ಲ, ಜೀಪಿನ ಆ ಗಾಲಿಯ ಬಳಿ ಕುಂತು ಮುಖ ಆಚೆ ತಿರುಗಿಸಿದಳು. ತಿರುಗಿಸಲಿ ಎಂದುಕೊಂಡಳು ಬಾಳಮ್ಮ. ಕುಂತಿದ್ದಾಳಲ್ಲ.

ಸಾಹೇಬರು ಜೀಪು ಹತ್ತಿದರು. ಡ್ರೈವರು ಇಂಜಿನ್ನು ಚಾಲೂ ಮಾಡಿದ. ಬಿಸಿ ಹೊಗೆ ಮುಖಕ್ಕೆ ಬಡಿಯಿತು. ತೊಗರಿ ಧೂಳಿನ ಮುಂದೆ ಅದು ಏನೂ ಅಲ್ಲ. ಹಾರ್ನು ಹೊಡೆದ. ಮತ್ತೊಮ್ಮೆ ಉದ್ದಕ್ಕೆ ಹೊಡೆದ.

"ಏಳ್ರಿ" ಎಂದರು ಕಲ್ಯಾಣಪ್ಪನವರು.

ಯಾರೂ ಏಳಲಿಲ್ಲ.